ಹಿತ್ತಲ ಗಿಡವೂ ಅಂಗಡಿಯ ಗುಳಿಗೆಯೂ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಸಂಘಗಳ ವೇದಿಕೆಯ ಮೇಲೆ ಗಡಿಯ ಪ್ರಶ್ನೆ, ಭಾಷೆಯ ಪ್ರಶ್ನೆ, ಸಾಹಿತ್ಯ, ಯಕ್ಷಗಾನ ಇವುಗಳ ಮಾತು ಕೇಳಿಬರುವುದು ವಾಡಿಕೆ. ಇಂದು ಔಷಧಿಯ ಮಾತು. ಅದೂ ವೈದ್ಯನಲ್ಲದವನ ಬಾಯಿಂದ. ನಾನು ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆ ಬಳಿಕ ಕೇಂದ್ರ ಸರಕಾರದ ಸೇವೆಗೆ ಸೇರಿ, ಆಯುಷ್ಯದ ದೊಡ್ಡ ಭಾಗವನ್ನು ಕಡತಗಳ ನಡುವೆ ಕಳೆದವನು. ಯಾವ ಕಾಯಿಲೆಗೆ ಯಾವ ಮದ್ದು ಎಂದು ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಆದರೆ ಶೀಶೆಯ ಒಳಗೆ ಏನಿದೆ, ಶೀಶೆಯ ಮೇಲೆ ಅಂಟಿಸಿದ ಚೀಟಿಯ ಹಿಂದೆ ಯಾವ ಕಾನೂನು ನಿಂತಿದೆ ಎಂಬ ಎರಡು ವಿಷಯಗಳಲ್ಲಿ ನನ್ನಂಥವನಿಗೂ ಸ್ವಲ್ಪ ಮಾತನಾಡಲು ಅವಕಾಶ ಉಂಟೆಂದು ಭಾವಿಸಿದ್ದೇನೆ.

ಕನ್ನಡದ 'ಮದ್ದು' ಎಂಬ ಮಾತನ್ನು ನೋಡಿರಿ. ಕಾಯಿಲೆಗೆ ಕೊಡುವುದು ಮದ್ದು. ಕೋವಿಗೆ ತುಂಬುವುದೂ ಮದ್ದು. ಆಗದವರು ಊಟದಲ್ಲಿ ಗುಟ್ಟಾಗಿ ಬೆರೆಸಿ ಹಾಕುತ್ತಾರೆಂದು ಹಳ್ಳಿಗಳಲ್ಲಿ ಹೆದರುವುದೂ ಮದ್ದೇ. ಗುಣ ಮಾಡುವ ಶಕ್ತಿಯೂ ಕೊಲ್ಲುವ ಶಕ್ತಿಯೂ ಒಂದೇ ಮನೆಯಲ್ಲಿ ವಾಸವಾಗಿವೆ ಎಂಬ ಅರಿವು ಆ ಒಂದು ಪದದಲ್ಲೇ ಅಡಗಿದೆ. ಇಂದು ನಾವು ಈ ಅರಿವನ್ನು ಎರಡಾಗಿ ಸೀಳಿದ್ದೇವೆ. ಡಾಕ್ಟರರು ಬರೆದುಕೊಟ್ಟ ಗುಳಿಗೆ ಎಂದರೆ ಉಷ್ಣ, ಅಡ್ಡಪರಿಣಾಮ, ಕಂಪೆನಿಗಳ ಲಾಭಕೋರತನ. ಬೇರು, ತೊಗಟೆ, ಸೊಪ್ಪು ಎಂದರೆ 'ಏನೂ ಆಗುವುದಿಲ್ಲ'. ಈ 'ಏನೂ ಆಗುವುದಿಲ್ಲ' ಎಂಬ ಮಾತನ್ನು ನಾನು ನಮ್ಮವರ ಮನೆಗಳಲ್ಲಿ ಎಷ್ಟು ಸಲ ಕೇಳಿದ್ದೇನೆಂದರೆ, ಇಂದಿನ ನನ್ನ ಭಾಷಣವೇ ಅದಕ್ಕೊಂದು ಉತ್ತರ ಎಂದುಕೊಳ್ಳಬಹುದು. ಕೆಡುಕು ಮಾಡುವ ಶಕ್ತಿಯೇ ಇಲ್ಲದ ವಸ್ತುವಿಗೆ ಒಳಿತು ಮಾಡುವ ಶಕ್ತಿ ಎಲ್ಲಿಂದ ಬರಬೇಕು?

ನಮ್ಮ ಊರುಗಳಲ್ಲಿ ಬೇಲಿಗೆ ಹಬ್ಬುವ ಅಮೃತಬಳ್ಳಿಯನ್ನೇ ತೆಗೆದುಕೊಳ್ಳೋಣ. 2020ರಲ್ಲಿ ಕೋವಿಡ್ ಬಂದಾಗ ಠಾಣೆ, ಡೊಂಬಿವಿಲಿ, ಮೀರಾ ರೋಡ್‌ಗಳ ಬಾಲ್ಕನಿಯ ಕುಂಡಗಳಲ್ಲೂ ಅದು ಕಾಣಿಸಿಕೊಂಡಿತು. ಊರಿನಿಂದ ಬಸ್ಸಿನಲ್ಲಿ ಕಾಂಡದ ಕಟ್ಟುಗಳು ಬಂದವು. ಔಷಧಿ ಅಂಗಡಿಗಳಲ್ಲಿ ಅದರ ಗುಳಿಗೆ, ರಸ, ಪುಡಿ ಎಲ್ಲವೂ ಮಾರಾಟವಾದವು. ಆ ವರ್ಷದ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯ ಹೊರಡಿಸಿದ ಚಿಕಿತ್ಸಾ ಸೂಚಿಯಲ್ಲೂ ಅದರ ಹೆಸರಿತ್ತು. ಮನೆಯ ಹಿರಿಯರಿಂದ ಹಿಡಿದು ಶಾಲೆಯ ಮಕ್ಕಳವರೆಗೆ ದಿನವೂ ಕಷಾಯ. ಕಾಯಿಲೆ ಇದ್ದವರಿಗೂ ಇಲ್ಲದವರಿಗೂ ಅದೇ ಕಷಾಯ, ಅದೇ ಲೋಟ, ತಿಂಗಳುಗಟ್ಟಲೆ.

2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಇದೇ ಮುಂಬಯಿಯ ಯಕೃತ್ ತಜ್ಞರ ಬಳಿಗೆ ಆರು ಮಂದಿ ರೋಗಿಗಳು ಬಂದರು. ಯಕೃತ್ತಿಗೆ ಪೆಟ್ಟು ಬಿದ್ದಿತ್ತು, ಕಾಮಾಲೆ ಕಾಣಿಸಿಕೊಂಡಿತ್ತು. ಪರೀಕ್ಷೆಗಳಲ್ಲಿ ಕಂಡದ್ದು ದೇಹದ ರಕ್ಷಣಾಶಕ್ತಿ ತನ್ನದೇ ಯಕೃತ್ತಿನ ಮೇಲೆ ತಿರುಗಿ ಬಿದ್ದಾಗ ಕಾಣುವಂಥ ಲಕ್ಷಣಗಳು. ಆರು ಮಂದಿಗೂ ಸಮಾನವಾಗಿದ್ದದ್ದು ಅಮೃತಬಳ್ಳಿಯ ಸೇವನೆ. ಈ ವರದಿ 2021ರಲ್ಲಿ ಯಕೃತ್ ವಿಜ್ಞಾನದ ಭಾರತೀಯ ನಿಯತಕಾಲಿಕವೊಂದರಲ್ಲಿ ಪ್ರಕಟವಾಯಿತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಇಂಥ 43 ಪ್ರಕರಣಗಳನ್ನು ಪ್ರಕಟಿಸಿದರು.

ಈ ಕಥೆಗೆ ಇನ್ನೊಂದು ಅಧ್ಯಾಯ ಇದೆ; ಅದನ್ನು ಹೇಳದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ಅದೂ ನಮ್ಮ ಈ ನಗರದ್ದೇ. ಪರೇಲಿನ ಕೆ.ಇ.ಎಂ. ಆಸ್ಪತ್ರೆ ಮತ್ತು ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಡಾ. ಶರದಿನಿ ಡಹಾಣೂಕರ್ ಎಂಬ ಔಷಧವಿಜ್ಞಾನಿ ಇದ್ದರು. ಆಯುರ್ವೇದದ ಸಸ್ಯಗಳನ್ನು ಆಧುನಿಕ ವಿಧಾನದಿಂದ ಪರೀಕ್ಷಿಸಲು ಆ ಆಸ್ಪತ್ರೆಯ ಅಂಗಳದಲ್ಲೇ ಸಂಶೋಧನಾ ಕೇಂದ್ರ ಕಟ್ಟಿದವರು. ಅವರ ತಂಡ ಅಮೃತಬಳ್ಳಿಯನ್ನು ಪರೀಕ್ಷಿಸಿದ್ದು ಪಿತ್ತನಾಳ ಅಡಚಿ ಕಾಮಾಲೆಯಾಗಿ ಶಸ್ತ್ರಕ್ರಿಯೆಗೆ ಬಂದ ರೋಗಿಗಳಲ್ಲಿ. ಅಂಥವರು ಶಸ್ತ್ರಕ್ರಿಯೆಯ ಬಳಿಕ ಸೋಂಕಿನಿಂದ ಸಾಯುವುದು ಹೆಚ್ಚು. 1993ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಮೃತಬಳ್ಳಿ ಕೊಟ್ಟ ಗುಂಪಿನಲ್ಲಿ ಸೋಂಕು ಕಡಿಮೆಯಾಯಿತು, ಬದುಕಿ ಉಳಿದವರು ಹೆಚ್ಚಾದರು.

ಒಂದೇ ನಗರ, ಒಂದೇ ಬಳ್ಳಿ, ಒಂದೇ ಅಂಗ. ಅಂದು ಕಾಮಾಲೆಯವರನ್ನು ಉಳಿಸಿತು; ಇಂದು ಕಾಮಾಲೆ ತಂದಿತು. ಇವೆರಡರಲ್ಲಿ ಒಂದು ಸುಳ್ಳಾಗಿರಲೇಬೇಕು ಎಂದು ಅವಸರಪಡಬೇಕಾಗಿಲ್ಲ. ಅಮೃತಬಳ್ಳಿ ದೇಹದ ರಕ್ಷಣಾಶಕ್ತಿಯನ್ನು ಕೆರಳಿಸುತ್ತದೆ ಎಂದು ಒಪ್ಪಿದರೆ ಎರಡೂ ಅದರಿಂದಲೇ ಹೊರಡುತ್ತವೆ. ಸೋಂಕಿನ ಮುಂದೆ ಸೋತು ಮಲಗಿದವನಿಗೆ ಆ ಕೆರಳಿಕೆ ಊರುಗೋಲು. ತನ್ನ ಮೇಲೇ ತಿರುಗಿ ಬೀಳುವ ಸ್ವಭಾವ ಒಳಗೊಳಗೇ ಇರುವ ದೇಹದಲ್ಲಿ, ಉದಾಹರಣೆಗೆ ಥೈರಾಯ್ಡಿನ ಕೆಲವು ಬಗೆಯ ತೊಂದರೆ ಇರುವವರಲ್ಲಿ, ಅದೇ ಕೆರಳಿಕೆ ಬೆಂಕಿಗೆ ತುಪ್ಪವಾಗಬಹುದು. ಡಹಾಣೂಕರ್ ತಂಡ ಕೊಟ್ಟದ್ದು ಗುರುತು ಹಿಡಿದ ವಸ್ತುವನ್ನು, ಗೊತ್ತಾದ ಪ್ರಮಾಣದಲ್ಲಿ, ಗೊತ್ತಾದ ರೋಗಿಗೆ, ವೈದ್ಯರ ಕಣ್ಣೆದುರು. ನಾವು ಕುಡಿದದ್ದು ಯಾರೋ ಹೇಳಿದರೆಂದು, ಕೈಗೆ ಬಂದಷ್ಟು, ಮುಗಿಯುವವರೆಗೆ.

ಮುಂಬಯಿಯ ವರದಿಯನ್ನು ಆಯುಷ್ ಸಚಿವಾಲಯ ಒಪ್ಪಲಿಲ್ಲ. ರೋಗಿಗಳು ಸೇವಿಸಿದ ಸಸ್ಯವನ್ನು ಸರಿಯಾಗಿ ಗುರುತಿಸಿಲ್ಲ. ಅಮೃತಬಳ್ಳಿಯ ದಾಯಾದಿಯಾದ ಟೈನೊಸ್ಪೊರ ಕ್ರಿಸ್ಪ ಎಂಬ ಬೇರೆ ಬಳ್ಳಿ ಅದಾಗಿರಬಹುದು ಎಂಬುದು ಅದರ ಆಕ್ಷೇಪ. ಆ ಬಳ್ಳಿಯ ಕಾಂಡದ ತುಂಬ ಗುಳ್ಳೆಗಳಂಥ ಗಂಟುಗಳು ಇರುತ್ತವೆ. ಗಿಡ ಬಲ್ಲವರು ನೋಡಿದೊಡನೆ ಹೇಳಬಲ್ಲರು. ಆಕ್ಷೇಪ ವಿಚಾರಾರ್ಹವಾದದ್ದೇ. ಆದರೆ ನನ್ನ ಸರಕಾರಿ ಬುದ್ಧಿಗೆ ಹೊಳೆಯುವ ಪ್ರಶ್ನೆ ಬೇರೆ. ಅಂಗಡಿಯಲ್ಲಿ ಅಮೃತಬಳ್ಳಿ ಎಂದು ಕೊಂಡದ್ದು ಅಮೃತಬಳ್ಳಿಯೇ ಅಲ್ಲದಿರಬಹುದು ಎಂದು ಸಚಿವಾಲಯವೇ ಹೇಳುವುದಾದರೆ, ಕೊಂಡವನ ಅಪಾಯ ಅದರಿಂದ ಕಡಿಮೆಯಾಯಿತೋ, ಹೆಚ್ಚಾಯಿತೋ? ಊರಿನ ಅಜ್ಜಿ ಹಿತ್ತಲಿಗೆ ಹೋಗಿ ತಾನೇ ನೋಡಿ, ಮುಟ್ಟಿ, ಮೂಸಿ ಕಿತ್ತು ತರುತ್ತಿದ್ದಳು. ಅದೇ ಪುಡಿಯಾಗಿ ಡಬ್ಬಿ ಸೇರಿದಾಗ ಅಜ್ಜಿಯ ಕಣ್ಣು ಅಲ್ಲಿಗೆ ಬರುವುದಿಲ್ಲ. 'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಗೆ ಈಗ ಹೊಸ ಅರ್ಥ ಬಂದಿದೆ: ಹಿತ್ತಲಲ್ಲಿದ್ದಾಗ ಮದ್ದಲ್ಲದ್ದು ಡಬ್ಬಿಯೊಳಗೆ ಹೊಕ್ಕು ಬೆಲೆ ಕಟ್ಟಿಸಿಕೊಂಡ ಕೂಡಲೇ ಮದ್ದಾಗುತ್ತದೆ.

ಸಸ್ಯದಿಂದ ದೊಡ್ಡ ಔಷಧಿ ಹುಟ್ಟಿದ ಚರಿತ್ರೆಯೂ ಇದೇ ಪರೇಲಿನದು. ಡಾ. ರುಸ್ತುಂ ಜಾಲ್ ವಕೀಲ್ ಕೆ.ಇ.ಎಂ. ಆಸ್ಪತ್ರೆಯ ಹೃದ್ರೋಗ ತಜ್ಞರು. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂಬುದನ್ನು ರೋಗಿಗಳಲ್ಲಿ ಪರೀಕ್ಷಿಸಿ 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ರಕ್ತದೊತ್ತಡಕ್ಕೆ ಹೇಳಿಕೊಳ್ಳುವಂಥ ಔಷಧಿಯೇ ಇಲ್ಲದ ಕಾಲ ಅದು. ಲೋಕದ ಗಮನ ಇತ್ತ ತಿರುಗಿತು. 1952ರಲ್ಲಿ ಸ್ವಿಜರ್ಲೆಂಡಿನ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು. ಆದರೆ ಅದೇ ರಿಸರ್ಪಿನ್ ಕೆಲವು ರೋಗಿಗಳನ್ನು ಗಾಢವಾದ ಖಿನ್ನತೆಗೆ ನೂಕುತ್ತದೆಂಬ ವರದಿಗಳು ಬಂದವು. ನರತಂತುಗಳ ತುದಿಯಲ್ಲಿ ಸಂಗ್ರಹವಾಗಿರುವ ಕೆಲವು ರಾಸಾಯನಿಕಗಳನ್ನು ಅದು ಬರಿದು ಮಾಡುತ್ತದೆ. ಒತ್ತಡ ಇಳಿಯುವುದು ಅದರಿಂದಲೇ, ಮನಸ್ಸು ಕುಗ್ಗುವುದೂ ಅದರಿಂದಲೇ. ಮುಂದೆ ಹೆಚ್ಚು ಸುರಕ್ಷಿತವಾದ ಗುಳಿಗೆಗಳು ಬಂದ ಮೇಲೆ ವೈದ್ಯರು ಅದನ್ನು ಹಿಂದಕ್ಕೆ ಸರಿಸಿದರು. ಇದನ್ನು ಸರ್ಪಗಂಧದ ಸೋಲೆಂದು ನಾನು ಕರೆಯಲಾರೆ. ಒಂದು ಬೇರು ಮದ್ದಾಗಬೇಕಾದರೆ ಯಾವ ದಾರಿಯನ್ನು ಹಾಯಬೇಕು, ಹಾದ ಮೇಲೂ ಯಾರ ಕಾವಲಿನಲ್ಲಿ ಇರಬೇಕು ಎಂಬುದನ್ನು ಅದು ತೋರಿಸಿತು.

ಹಾಗಾದರೆ ಡಾಕ್ಟರರು ಬರೆದುಕೊಟ್ಟದ್ದನ್ನು ಕಣ್ಣುಮುಚ್ಚಿ ನುಂಗಬಹುದೇ? ಭಾಯಖಳಾದ ಜೆ.ಜೆ. ಆಸ್ಪತ್ರೆಯಲ್ಲಿ 1986ರ ಜನವರಿ, ಫೆಬ್ರವರಿ ತಿಂಗಳುಗಳಲ್ಲಿ ನಡೆದದ್ದನ್ನು ಇಲ್ಲಿರುವ ಹಿರಿಯರು ಮರೆತಿರಲಾರರು. ಮೆದುಳಿನ ಅಥವಾ ಕಣ್ಣಿನ ಒತ್ತಡ ಇಳಿಸಲು ರೋಗಿಗಳಿಗೆ ಗ್ಲಿಸರಿನ್ ಕುಡಿಸುವುದುಂಟು. ಹಾಗೆ ಕುಡಿದವರಲ್ಲಿ 14 ಮಂದಿ ಮೂತ್ರಪಿಂಡ ಕೆಟ್ಟು ಸತ್ತರು. ಆ ಗ್ಲಿಸರಿನ್ ಕೈಗಾರಿಕೆಗೆ ಬಳಸುವಂಥದ್ದು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇಕಡಾ 18.5ರಷ್ಟು ಬೆರೆತಿತ್ತು.

ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿ ಇಲ್ಲಿ ಎರಡು ಮಾತು ಹೆಚ್ಚು ಹೇಳುತ್ತೇನೆ. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಡೈಎಥಿಲೀನ್ ಗ್ಲೈಕಾಲ್ ಇವು ಮೂರೂ ಬಣ್ಣವಿಲ್ಲದ, ಮಂದವಾದ, ಸಿಹಿ ರುಚಿಯ ದ್ರವಗಳು. ಮೊದಲ ಎರಡನ್ನು ಸಿರಪ್‌ಗಳಲ್ಲಿ ಬಳಸುತ್ತಾರೆ. ಮೂರನೆಯದು ಬ್ರೇಕ್ ಎಣ್ಣೆಗೆ, ಬಣ್ಣಕ್ಕೆ, ಪ್ಲಾಸ್ಟಿಕ್ಕಿಗೆ ಸಲ್ಲುವಂಥದ್ದು. ಕಣ್ಣಾಗಲಿ, ಮೂಗಾಗಲಿ, ನಾಲಿಗೆಯಾಗಲಿ ಇವುಗಳ ಭೇದ ಹೇಳಲಾರವು. ಪ್ರಯೋಗಶಾಲೆಯ ಪರೀಕ್ಷೆ ಮಾತ್ರ ಹೇಳಬಲ್ಲದು. ದೇಹದಲ್ಲಿ ಈ ಮೂರನೆಯದು ಒಡೆದು ಆಮ್ಲವಾಗಿ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಇದು ಗೊತ್ತಿಲ್ಲದ ವಿಷವೇನೂ ಅಲ್ಲ. 1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಎಂಬ ಔಷಧಿಯನ್ನು ಇದರಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಮಂದಿ ಸತ್ತರು. ಮಾರುವ ಮುನ್ನ ಔಷಧಿ ನಿರಪಾಯಕರವೆಂದು ತೋರಿಸಬೇಕೆಂಬ ಕಾನೂನು ಅಲ್ಲಿ 1938ರಲ್ಲಿ ಬಂದದ್ದೇ ಅದರಿಂದ. ನಮ್ಮಲ್ಲಿ ಔಷಧಿ ಕಾಯ್ದೆ 1940ರಷ್ಟು ಹಳೆಯದು. ಆದರೂ ಜೆ.ಜೆ.ಯಲ್ಲಿ 1986. ಆಮೇಲೆ 2022ರಲ್ಲಿ ಭಾರತದಿಂದ ಹೋದ ಸಿರಪ್ಪುಗಳ ಬಗ್ಗೆ ಗ್ಯಾಂಬಿಯಾದ ಮಕ್ಕಳ ಸಾವಿನ ಹಿನ್ನೆಲೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಎಚ್ಚರಿಕೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳ ಸಾವು. ಎಂಬತ್ತೆಂಟು ವರ್ಷಗಳ ಅಂತರದಲ್ಲಿ ಅದೇ ವಿಷ, ಅದೇ ಸಿಹಿ.

ಜೆ.ಜೆ. ದುರಂತದ ವಿಚಾರಣೆ ನಡೆಸಿದವರು ನ್ಯಾಯಮೂರ್ತಿ ಬಖ್ತಾವರ್ ಲೆಂಟಿನ್. ಅವರ ಆಯೋಗ ಆಸ್ಪತ್ರೆಯ ಅಧಿಕಾರಿಗಳು, ಔಷಧಿ ನಿಯಂತ್ರಣ ಆಡಳಿತ, ಸರಬರಾಜುದಾರರು, ರಾಜಕಾರಣಿಗಳು ಯಾರನ್ನೂ ಬಿಡಲಿಲ್ಲ. ರಾಜ್ಯದ ಆರೋಗ್ಯ ಸಚಿವರು ರಾಜೀನಾಮೆ ಕೊಡಬೇಕಾಯಿತು. ಕಡತಗಳ ಲೋಕದವನಾದ ನನಗೆ ಆ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಬೇರೊಂದು ಸಂಗತಿ. ವಿಷ ಹಾಕಬೇಕೆಂದು ಯಾರೂ ಹಾಕಿರಲಿಲ್ಲ. ಒಂದೊಂದು ಮೇಜಿನವನೂ ಹಿಂದಿನ ಮೇಜಿನವನು ನೋಡಿರುತ್ತಾನೆಂದು ನಂಬಿ ಕಾಗದವನ್ನು ಮುಂದಕ್ಕೆ ತಳ್ಳಿದರೆ ಸಾಕು, ವಿಷ ತಾನಾಗಿ ರೋಗಿಯ ಬಾಯಿಯವರೆಗೆ ನಡೆದುಹೋಗುತ್ತದೆ. ಊರ ಕಡೆಯ ಮಾತಾದರೂ ಬೇರೆಯೇ? 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯ ಹೆರಿಗೆಯಾದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು, ಕರ್ನಾಟಕ ಸರಕಾರ ಆ ಸರಬರಾಜನ್ನು ತಡೆಹಿಡಿಯಬೇಕಾಯಿತು.

ಇನ್ನು ಕ್ಷಯದ ಮಾತನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಹೋಟೆಲಿನಲ್ಲಿ ದುಡಿದು, ಅಲ್ಲೇ ಮಲಗಿ, ರಾತ್ರಿಶಾಲೆಯಲ್ಲಿ ಕನ್ನಡ ಓದಿ ಮೇಲೆ ಬಂದ ನಮ್ಮ ಹಿಂದಿನ ತಲೆಮಾರಿನವರಿಗೆ ಶಿವಡಿಯ ಕ್ಷಯ ಆಸ್ಪತ್ರೆಯ ಹೆಸರು ಕೇಳಿದರೆ ನಡುಕ. ಈ ನಗರದ ಖಾಸಗಿ ವೈದ್ಯರು ಕ್ಷಯಕ್ಕೆ ಹೇಗೆ ಔಷಧಿ ಬರೆಯುತ್ತಾರೆಂದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದು ನೋಡಿತು: 100 ವೈದ್ಯರು, 80 ಬಗೆಯ ಚೀಟಿಗಳು. ಸುಮಾರು ಇಪ್ಪತ್ತು ವರ್ಷಗಳ ಬಳಿಕ, 2010ರಲ್ಲಿ ಮತ್ತೆ ನೋಡಿದಾಗ 106 ವೈದ್ಯರು, 63 ಬಗೆ. ಅರೆಬರೆ ಔಷಧಿ ತಿಂದ ಕ್ರಿಮಿ ಸಾಯುವುದಿಲ್ಲ, ಪಾಠ ಕಲಿಯುತ್ತದೆ. ಯಾವ ಗುಳಿಗೆಗೂ ಬಗ್ಗದ ಕ್ಷಯದ ಸುದ್ದಿ ಮಾಹಿಮಿನ ಹಿಂದುಜಾ ಆಸ್ಪತ್ರೆಯಿಂದ ಲೋಕಕ್ಕೆ ಹೋದದ್ದು 2012ರ ಆರಂಭದಲ್ಲಿ. ಆಮೇಲೆ ಕ್ಷಯದ ಔಷಧಿಗಳನ್ನೂ ಕೆಲವು ಪ್ರಬಲ ಆಂಟಿಬಯಾಟಿಕ್‌ಗಳನ್ನೂ ಎಚ್-1 ಎಂಬ ಅನುಸೂಚಿಗೆ ಸೇರಿಸಿದರು. 2014ರ ಮಾರ್ಚ್‌ನಿಂದ ಅಂಗಡಿಯವರು ಇವುಗಳ ಮಾರಾಟವನ್ನು ಪುಸ್ತಕದಲ್ಲಿ ಬರೆದಿಡಬೇಕು. ಪಟ್ಟಿಯ ಮೇಲೆ ಕಾಣುವ ಕೆಂಪು ಗೆರೆಯ ಅರ್ಥ, ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ ಎಂದು. ಗೆರೆ ಇದೆ. ಎಷ್ಟು ಅಂಗಡಿಗಳಲ್ಲಿ ಚೀಟಿ ಕೇಳುತ್ತಾರೆಂಬುದನ್ನು ನಿಮ್ಮ ಅನುಭವಕ್ಕೆ ಬಿಡುತ್ತೇನೆ.

ನೋವಿನ ಗುಳಿಗೆಯ ಬಗ್ಗೆ ಒಂದು ಉಪಕಥೆ. ಮಲಬಾರ್ ಹಿಲ್ಲಿನ ಪಾರಸಿಗಳ ಮೌನಗೋಪುರಗಳಿಗೆ ಹದ್ದುಗಳು ಬಾರದಾದದ್ದು ಏಕೆಂದು ಬಲ್ಲಿರಾ? ದನಕರುಗಳಿಗೆ ಕೊಟ್ಟ ಡೈಕ್ಲೊಫೆನಾಕ್, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. ಅವುಗಳ ಕುಲವೇ ನಶಿಸುವ ಹಂತಕ್ಕೆ ಬಂದಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಸರಕಾರ ನಿಷೇಧಿಸಿತು. ನಾವು ಮೊಣಕಾಲು ನೋವಿಗೆ ಪೇಪರ್‌ಮಿಂಟಿನಂತೆ ನುಂಗುವುದು ಅದನ್ನೇ. ಮನುಷ್ಯ ಹದ್ದಲ್ಲ, ನಿಜ. ಆದರೆ ಮೂತ್ರಪಿಂಡ ಮೊದಲೇ ಸೋತಿರುವ ವೃದ್ಧರಿಗೆ ಈ ಬಗೆಯ ಗುಳಿಗೆಗಳು ಹಿತವಲ್ಲವೆಂದು ವೈದ್ಯರೆಲ್ಲರೂ ಹೇಳುತ್ತಾರೆ.

ಕಾನೂನಿನ ವಿಷಯಕ್ಕೆ ಬರುತ್ತೇನೆ. ಆಯುರ್ವೇದದ ಔಷಧಿಗಳನ್ನು 1940ರ ಕಾಯ್ದೆಯ ಒಳಗೆ ತಂದದ್ದು 1964ರ ತಿದ್ದುಪಡಿ. ಹೊಸ ಅಲೋಪಥಿ ಔಷಧಿ ಮಾರುಕಟ್ಟೆಗೆ ಬರಬೇಕಾದರೆ ಮನುಷ್ಯರ ಮೇಲಿನ ಪ್ರಯೋಗಗಳ ದಾಖಲೆ ಬೇಕು. ಗ್ರಂಥೋಕ್ತವಾದ ಆಯುರ್ವೇದ ಔಷಧಿಗೆ ಗ್ರಂಥವೇ ಆಧಾರ; ಹೊಸದಾಗಿ ಸುರಕ್ಷತೆಯ ಅಧ್ಯಯನ ಬೇಕಿಲ್ಲ. ಗ್ರಂಥಕಾರರ ಮೇಲೆ ನನಗೆ ಅಗೌರವವಿಲ್ಲ. ಆದರೆ ಆ ಗ್ರಂಥಕಾರರ ರೋಗಿ ಸಕ್ಕರೆ ಕಾಯಿಲೆಗೆ ಮೂರು, ರಕ್ತದೊತ್ತಡಕ್ಕೆ ಎರಡು, ಹೃದಯಕ್ಕೆ ಇನ್ನೆರಡು ಗುಳಿಗೆ ನುಂಗುತ್ತಿರಲಿಲ್ಲ. ಇದನ್ನು ಅವರು ಬರೆದಿಲ್ಲವೆಂದು ಅವರನ್ನು ದೂರುವಂತಿಲ್ಲ; ಬರೆದಿಲ್ಲವಾದ್ದರಿಂದ ಅಪಾಯವಿಲ್ಲ ಎನ್ನುವಂತೆಯೂ ಇಲ್ಲ.

ಅದೇ ಕಾನೂನಿನ ಇ(1) ಎಂಬ ಅನುಸೂಚಿಯನ್ನು 'ಏನೂ ಆಗುವುದಿಲ್ಲ' ಎನ್ನುವವರು ಓದಬೇಕು. ಎಕ್ಕ, ಉಮ್ಮತ್ತಿ, ಗುಲಗಂಜಿ, ಕಣಗಿಲೆ, ಕಾಸರಕ, ವತ್ಸನಾಭಿ, ಪಾದರಸ ಇವೆಲ್ಲ ಆಯುರ್ವೇದದಲ್ಲೇ ವಿಷದ್ರವ್ಯಗಳೆಂದು ಹೆಸರಿಸಿದ ಪಟ್ಟಿ ಅದು. ಇವು ಬೆರೆತ ಔಷಧಿಯ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಬೇಕೆಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರಬೇಕು. ಕನ್ನಡದಲ್ಲಿ ಇರಬೇಕೆಂದು ನಿಯಮವಿಲ್ಲ. ಕುಂದಾಪುರದಲ್ಲಾಗಲಿ ಕಲಬುರ್ಗಿಯಲ್ಲಾಗಲಿ ಅದನ್ನು ಕೊಳ್ಳುವ ಮುದುಕಿಗೆ ಆ ಎಚ್ಚರಿಕೆ ಇದ್ದೂ ಇಲ್ಲದಂತೆ. ಕನ್ನಡದ ಹೋರಾಟವೆಂದರೆ ಬೋರ್ಡುಗಳ ಹೋರಾಟ ಮಾತ್ರವಲ್ಲ, ಈ ಚೀಟಿಯ ಹೋರಾಟವೂ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಜಾತಿಯೊಂದು ಈಗ ಹುಟ್ಟಿದೆ. ಅಶ್ವಗಂಧವನ್ನು ನಮ್ಮವರು ಹಿರೇಮದ್ದು ಎನ್ನುತ್ತಾರೆ. ಒಂದು ಡಬ್ಬಿಯಲ್ಲಿ ಅದು ಆಯುರ್ವೇದ ಔಷಧಿ. ಪಕ್ಕದ ಡಬ್ಬಿಯಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮಗಳಂತೆ ಆಹಾರಪೂರಕ. ಅದರ ಮೇಲೆ ಔಷಧಿಯಾಗಿ ಬಳಸತಕ್ಕದ್ದಲ್ಲ ಎಂದು ಬರೆದಿರಬೇಕು. ಔಷಧಿಯಲ್ಲ ಎಂದು ಬರೆದದ್ದನ್ನು ಜನ ಕೊಳ್ಳುವುದು ಔಷಧಿಯೆಂದೇ. ಡೆನ್ಮಾರ್ಕ್ ದೇಶ 2023ರಲ್ಲಿ ಅಶ್ವಗಂಧವನ್ನು ನಿಷೇಧಿಸಿತು. ಅದು ಅತಿರೇಕವೆಂದು ನನಗೆ ತೋರುತ್ತದೆ. ಆದರೆ ಹಿರೇಮದ್ದನ್ನು ಚಹಾಪುಡಿಯ ಪಕ್ಕದಲ್ಲಿಟ್ಟು ಮಾರುವುದೂ ಅಷ್ಟೇ ಅತಿರೇಕ.

ನಮ್ಮ ಪರಿಚಯದ ಹಿರಿಯರೊಬ್ಬರು, ಹವ್ಯಾಸಿ ಭಾಗವತರು, ತಾಳಮದ್ದಳೆಯ ಕೂಟಗಳಲ್ಲಿ ಅವರ ಪದ ಕೇಳಿದವರು ಇಲ್ಲೂ ಇದ್ದೀರಿ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರು. ಕೆಲವು ತಿಂಗಳಿಂದ ಕೈಕಾಲು ಸೋಲು, ಮೆಟ್ಟಿಲು ಹತ್ತಲಾಗದು, ಗುಳಿಗೆ ತಿಂದರೂ ಒತ್ತಡ ಇಳಿಯದು. ರಕ್ತದಲ್ಲಿ ಪೊಟ್ಯಾಸಿಯಂ ತೀರ ಕುಸಿದಿತ್ತು. ವೈದ್ಯರು ಹಿಂದಿಯಲ್ಲಿ, ಬೇರೇನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಮೂರು ಬಾರಿ ಕೇಳಿದರು. ಮೂರು ಬಾರಿಯೂ ಇಲ್ಲವೆಂದೇ ಉತ್ತರ. ಜೊತೆಗಿದ್ದ ಸೊಸೆ, "ಮಾವ, ನೀವು ದಿನವಿಡೀ ಬಾಯಲ್ಲಿ ಇಟ್ಟುಕೊಳ್ಳುತ್ತೀರಲ್ಲ, ಅದು?" ಎಂದಾಗ ಅವರು, "ಅದು ಮದ್ದಲ್ಲ ಮಗಾ, ಸ್ವರಕ್ಕೆ ಜ್ಯೇಷ್ಠಮಧು" ಎಂದರು. ಜ್ಯೇಷ್ಠಮಧುವಿನ ಸಾರ ದೇಹದಲ್ಲಿ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ, ಒತ್ತಡವನ್ನು ಏರಿಸುತ್ತದೆ. ಅವರ ಗುಳಿಗೆಯೂ ಪೊಟ್ಯಾಸಿಯಂ ಹೊರಹಾಕುವಂಥದ್ದೇ. ಎರಡು ಕಡೆಯಿಂದ ಕೊಡ ಸೋರುತ್ತಿತ್ತು. ಜ್ಯೇಷ್ಠಮಧು ಬಿಟ್ಟು ಪೊಟ್ಯಾಸಿಯಂ ತುಂಬಿಕೊಂಡ ಮೇಲೆ ಚೇತರಿಸಿಕೊಂಡರು.

ಅವರು ಸುಳ್ಳು ಹೇಳಿರಲಿಲ್ಲ. ವೈದ್ಯರು ಕೇಳಿದ 'ದವಾಯಿ' ಎಂಬ ಮಾತಿನೊಳಗೆ ಅವರ ಜ್ಯೇಷ್ಠಮಧು ಇರಲಿಲ್ಲ, ಅಷ್ಟೇ. ಪರಭಾಷೆಯ ಊರಿನಲ್ಲಿ ಬಾಳುವವರ ಕಷ್ಟ ಇದು. ಕಷಾಯ, ಲೇಹ್ಯ, ತಂಬುಳಿ, ಊರಿನ ಪಂಡಿತರ ಪೊಟ್ಟಣ ಇವು ಯಾವುವೂ ವೈದ್ಯರ ಪ್ರಶ್ನೆಗೆ ಉತ್ತರವೆಂದು ನಮ್ಮ ಹಿರಿಯರಿಗೆ ತೋರುವುದಿಲ್ಲ. ಹೇಳಿದರೆ ವೈದ್ಯರು ಬೈದಾರೆಂಬ ಅಂಜಿಕೆಯೂ ಉಂಟು. ಬೈಯುವ ವೈದ್ಯರೂ ಉಂಟು. ಸಕ್ಕರೆ ಇಳಿಸುವ ಗುಳಿಗೆಯ ಮೇಲೆ ಹಾಗಲದ ರಸ ಕುಡಿದು ಸಕ್ಕರೆ ತೀರ ಇಳಿಯಬಹುದು. ರಕ್ತ ತೆಳುವಾಗಿಸುವ ಗುಳಿಗೆಯ ಜೊತೆ ಬೆಳ್ಳುಳ್ಳಿಯ ಕ್ಯಾಪ್ಸೂಲ್ ಸೇರಿ ರಕ್ತಸ್ರಾವವಾಗಬಹುದು. ವೈದ್ಯರಿಗೆ ತಿಳಿಸಿದ್ದರೆ ಪ್ರಮಾಣ ಬದಲಿಸಿಯಾರು. ತಿಳಿಸದಿದ್ದರೆ ಅವರು ಕತ್ತಲಲ್ಲಿ ಬಾಣ ಬಿಡುತ್ತಾರೆ. ಔಷಧಿಯಿಂದ ತೊಂದರೆಯಾದರೆ ರೋಗಿಯೇ ದೂರು ದಾಖಲಿಸಲು 1800 180 3024 ಎಂಬ ಉಚಿತ ದೂರವಾಣಿ ಇದೆ.

ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಾನಿಟ್ಟ ಸಲಹೆ ಸಣ್ಣದು. ಜೇಬಿನಲ್ಲಿ ಹಿಡಿಯುವ ಒಂದು ಕಾರ್ಡು. ಮೊದಲ ಭಾಗದಲ್ಲಿ ವೈದ್ಯರು ಬರೆದ ಗುಳಿಗೆಗಳು. ಎರಡನೆಯ ಭಾಗದಲ್ಲಿ 'ಮನೆಯಲ್ಲಿ ತೆಗೆದುಕೊಳ್ಳುವುದು' ಎಂಬ ಶೀರ್ಷಿಕೆ. 'ಔಷಧಿ' ಎಂಬ ಪದ ಅಲ್ಲಿ ಬೇಡ, ಆ ಪದವಿದ್ದರೆ ನಮ್ಮವರು ಖಾಲಿ ಬಿಡುತ್ತಾರೆ. ಅದರ ಕೆಳಗೆ ಕನ್ನಡದ ಹೆಸರು, ಎದುರಿಗೆ ವೈದ್ಯರಿಗೆ ತಿಳಿಯುವಂತೆ ಮರಾಠಿಯ ಮತ್ತು ಸಸ್ಯಶಾಸ್ತ್ರದ ಹೆಸರು. ಅಮೃತಬಳ್ಳಿಯಿಂದ ಹಿರೇಮದ್ದಿನವರೆಗೆ ನಲವತ್ತು ಹೆಸರುಗಳ ಕರಡು ಪಟ್ಟಿ ತಂದಿದ್ದೇನೆ. ಒಂದೇ ಗಿಡಕ್ಕೆ ಧಾರವಾಡದಲ್ಲಿ ಒಂದು ಹೆಸರು, ಕರಾವಳಿಯಲ್ಲಿ ಇನ್ನೊಂದು, ಮೈಸೂರಿನ ಕಡೆ ಮತ್ತೊಂದು ಇರುವುದರಿಂದ, ಹಿಂದಿನ ಮೇಜಿನ ಮೇಲಿಟ್ಟಿರುವ ಆ ಹಾಳೆಯಲ್ಲಿ ನಿಮ್ಮ ನಿಮ್ಮ ಊರಿನ ಹೆಸರನ್ನೂ ಬರೆದು ಹೋಗಬೇಕೆಂದು ತಾಯಂದಿರಲ್ಲಿ ವಿಶೇಷವಾಗಿ ಕೋರುತ್ತೇನೆ.